ನವೆಂಬರ್ ಒಂದರ ಸಹಿ

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮನೆಯಲ್ಲಿ ಹನ್ನೆರಡನೇ ತರಗತಿಯ ಮಗುವಿದ್ದರೆ ಆ ವರ್ಷದ ರಾಜ್ಯೋತ್ಸವ ಬೇರೆಯದೇ ಆತಂಕದಲ್ಲಿ ಕಳೆಯುತ್ತದೆ. ನವೆಂಬರ್ 1 ಅಲ್ಲಿನ ಬಹುಪಾಲು ಹೆಸರಾಂತ ಕಾಲೇಜುಗಳ ಮೊದಲ ಗಡುವು. ರಾತ್ರಿ 11 ಗಂಟೆ 59 ನಿಮಿಷದೊಳಗೆ ಅರ್ಜಿ ಹೋಗಿರಬೇಕು. ದೀಪಾವಳಿಯೂ ಅದರ ಆಚೀಚೆಯೇ ಬರುತ್ತದೆ. ಹೊರಗೆ ದೀಪ ಹಚ್ಚಿ ಒಳಗೆ ಬಂದವರು ಮತ್ತೆ ಮಾತಾಡುವುದು ಅದೇ ಪ್ರಶ್ನೆಯನ್ನು: ಈಗಲೇ ಹಾಕಿಬಿಡೋಣವೋ, ಜನವರಿಯವರೆಗೆ ಕಾಯೋಣವೋ?

ಕೇಳಲು ಸಣ್ಣ ಪ್ರಶ್ನೆ. ಆದರೆ ಇದರ ಹಿಂದೆ ಸುಮಾರು ಎಪ್ಪತ್ತು ವರ್ಷಗಳ ಚರಿತ್ರೆಯಿದೆ, ಕಾಲೇಜುಗಳ ಹಣಕಾಸಿನ ಲೆಕ್ಕವಿದೆ, ಕೋರ್ಟಿನ ಮೊಕದ್ದಮೆಯಿದೆ. ಬೆಂಗಳೂರು, ಮೈಸೂರುಗಳಿಂದ ಪದವಿಗೇ ನೇರ ಅಲ್ಲಿಗೆ ಅರ್ಜಿ ಹಾಕುವ ಮಕ್ಕಳಿರುವುದರಿಂದ ಈ ಪ್ರಶ್ನೆ ಇಲ್ಲಿನ ಮನೆಗಳಿಗೂ ಬಂದಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ಬೇಗ ಅರ್ಜಿ ಹಾಕುವುದು ಒಳ್ಳೆಯದು. ಬೇಗ ಕಟ್ಟುಬೀಳುವುದು ಮಾತ್ರ ಕೆಲವೇ ಮನೆಗಳಿಗೆ ಒಳ್ಳೆಯದು. ಈ ಎರಡನ್ನೂ ಒಂದೇ ಎಂದುಕೊಂಡು ಸಹಿ ಹಾಕಿ ತೊಂದರೆಗೆ ಸಿಲುಕುವವರಿದ್ದಾರೆ ಎಂಬ ಕಾರಣಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

‘ಬೇಗ’ ಎಂಬ ಒಂದೇ ಮಾತಿನೊಳಗೆ ಮೂರು ಬೇರೆ ಬೇರೆ ವ್ಯವಹಾರಗಳಿವೆ. ಅರ್ಲಿ ಡಿಸಿಷನ್ ಎಂಬುದು ಕಟ್ಟುಪಾಡಿನದು. ಈ ಬಗೆಯ ಅರ್ಜಿಯನ್ನು ಒಂದೇ ಕಾಲೇಜಿಗೆ ಹಾಕಬೇಕು. ಡಿಸೆಂಬರ್ ನಡುವಿಗೆ ಉತ್ತರ ಬರುತ್ತದೆ. ಸೀಟು ಸಿಕ್ಕರೆ ಉಳಿದ ಅರ್ಜಿಗಳನ್ನೆಲ್ಲ ಹಿಂತೆಗೆದುಕೊಂಡು ಅಲ್ಲಿಗೇ ಸೇರಬೇಕು. ವಿದ್ಯಾರ್ಥಿ, ತಂದೆ ಅಥವಾ ತಾಯಿ, ಶಾಲೆಯ ಕೌನ್ಸೆಲರ್ ಮೂವರೂ ಇದಕ್ಕೆ ಸಹಿ ಮಾಡುತ್ತಾರೆ. ಕೊಲಂಬಿಯಾ, ಬ್ರೌನ್, ಕಾರ್ನೆಲ್, ಡಾರ್ಟ್‌ಮತ್, ಪೆನ್ಸಿಲ್ವೇನಿಯಾ, ಡ್ಯೂಕ್, ನಾರ್ತ್‌ವೆಸ್ಟರ್ನ್ ಎಲ್ಲ ಈ ಪಂಗಡದವು. ಮೊದಲ ಸುತ್ತಿನಲ್ಲಿ ಸಿಗದವರಿಗೆಂದು ಜನವರಿಯಲ್ಲಿ ಇದೇ ಕಟ್ಟುಪಾಡಿನ ಎರಡನೇ ಸುತ್ತನ್ನು ನಡೆಸುವ ಕಾಲೇಜುಗಳೂ ಇವೆ: ವ್ಯಾಂಡರ್‌ಬಿಲ್ಟ್, ಎಮರಿ, ಟಫ್ಟ್ಸ್, ನ್ಯೂಯಾರ್ಕ್ ವಿಶ್ವವಿದ್ಯಾಲಯ ಮುಂತಾದವು. ಇನ್ನೊಂದು ಅರ್ಲಿ ಆ್ಯಕ್ಷನ್. ಬೇಗ ಹಾಕುತ್ತೀರಿ, ಬೇಗ ಉತ್ತರ ಸಿಗುತ್ತದೆ, ಸೇರುತ್ತೀರೋ ಇಲ್ಲವೋ ಎಂದು ಮೇ 1ರವರೆಗೆ ಯೋಚಿಸಬಹುದು. ಎಂಐಟಿಯದು ಈ ಬಗೆ. ಇವೆರಡರ ನಡುವಿನದನ್ನು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್ ಇಟ್ಟುಕೊಂಡಿವೆ. ಅಲ್ಲಿ ಸೇರಲೇಬೇಕೆಂಬ ಕಟ್ಟಳೆಯಿಲ್ಲ, ಆದರೆ ಅದೇ ಹೊತ್ತಿಗೆ ಬೇರೆ ಖಾಸಗಿ ಕಾಲೇಜಿಗೆ ಬೇಗದ ಅರ್ಜಿ ಹಾಕುವಂತಿಲ್ಲ.

ಕಾಲೇಜುಗಳಿಗೆ ಇದರಿಂದ ಏನು ಲಾಭ? 1500 ಸೀಟುಗಳ ಕಾಲೇಜೊಂದನ್ನು ಊಹಿಸಿಕೊಳ್ಳಿ. 30,000 ಅರ್ಜಿ ಬಂದಿವೆ. ಸೀಟು ಕೊಟ್ಟ ಮೂವರಲ್ಲಿ ಒಬ್ಬರು ಮಾತ್ರ ಬಂದು ಸೇರುತ್ತಾರೆಂದರೆ 4500 ಮಂದಿಗೆ ಸೀಟು ಕೊಡಬೇಕು, ಅಂದರೆ ನೂರಕ್ಕೆ 15 ಮಂದಿಗೆ. ಈಗ ಅರ್ಧ ಸೀಟುಗಳನ್ನು, 750ನ್ನು, ಕಟ್ಟುಪಾಡಿನ ಸುತ್ತಿನಲ್ಲೇ ತುಂಬಿಸಿಕೊಂಡಿತೆನ್ನಿ. ಅವರೆಲ್ಲ ಬಂದೇ ಬರುತ್ತಾರೆ. ಉಳಿದ 750 ಸೀಟಿಗೆ 2250 ಮಂದಿಗೆ ಕೊಟ್ಟರೆ ಸಾಕು. ಒಟ್ಟು 3000, ನೂರಕ್ಕೆ 10. ಪಾಠ ಪ್ರವಚನದಲ್ಲಿ ಯಾವ ಬದಲಾವಣೆಯೂ ಆಗದೆ ಕಾಲೇಜು ಹೊರಗಿನವರ ಕಣ್ಣಿಗೆ ಮೊದಲಿಗಿಂತ ದುರ್ಲಭವಾಗಿ ಕಾಣತೊಡಗುತ್ತದೆ. ‘ಯುಎಸ್ ನ್ಯೂಸ್’ ಪತ್ರಿಕೆ 1983ರಲ್ಲಿ ಕಾಲೇಜುಗಳ ಶ್ರೇಯಾಂಕ ಪ್ರಕಟಿಸಲು ಆರಂಭಿಸಿದ ಮೇಲೆ ಈ ಅಂಕಿಗಳಿಗೆ ಬೆಲೆ ಬಂತು. ಸೀಟು ಕೊಟ್ಟವರಲ್ಲಿ ಎಷ್ಟು ಮಂದಿ ಸೇರಿದರು ಎಂಬುದನ್ನು ಆ ಪತ್ರಿಕೆ 2003ರಲ್ಲಿ, ಎಷ್ಟು ಮಂದಿಗೆ ಸೀಟು ಸಿಕ್ಕಿತು ಎಂಬುದನ್ನು 2018ರಲ್ಲಿ ಲೆಕ್ಕದಿಂದ ಕೈಬಿಟ್ಟಿತು. ಅಷ್ಟರಲ್ಲಿ ಅಭ್ಯಾಸ ಬೇರೂರಿತ್ತು. ಇದೆಲ್ಲಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ: ಹಾಸ್ಟೆಲಿನ ಮಂಚಗಳೆಷ್ಟು ತುಂಬುತ್ತವೆ, ಪೂರ್ತಿ ಶುಲ್ಕ ಕಟ್ಟುವವರೆಷ್ಟು ಎಂಬುದು ಕ್ರಿಸ್‌ಮಸ್‌ಗೆ ಮೊದಲೇ ಅರ್ಧಕ್ಕರ್ಧ ಗೊತ್ತಾಗಿರುತ್ತದೆ.

ಶ್ರೀನಿವಾಸಪುರದ ಕಡೆ ಮಾವಿನ ತೋಪುಗಳನ್ನು ಹೂ ಬಿಟ್ಟಾಗಲೇ ಗುತ್ತಿಗೆಗೆ ಕೊಡುವುದುಂಟು. ತೋಪಿನವನಿಗೆ ನೆಮ್ಮದಿ, ಆಲಿಕಲ್ಲು ಬಿದ್ದರೂ ಕೈಗೆ ಬಂದ ದುಡ್ಡು ಕೈಯಲ್ಲಿರುತ್ತದೆ. ಆದರೆ ಮೇ ತಿಂಗಳಲ್ಲಿ ಮಂಡಿಯ ಧಾರಣೆ ಏರಿದರೆ ಅದರಲ್ಲಿ ಅವನಿಗೆ ಪಾಲಿಲ್ಲ. ಅರ್ಲಿ ಡಿಸಿಷನ್ ವ್ಯವಹಾರವೂ ಇಂಥದೇ. ವಿದ್ಯಾರ್ಥಿ ಕೊಡುವುದು ಹೋಲಿಸಿ ನೋಡುವ ಹಕ್ಕನ್ನು. ಅದಕ್ಕೆ ಬದಲಾಗಿ ಸಿಗುವುದು ಒಂದಿಷ್ಟು ಹೆಚ್ಚಿನ ಅವಕಾಶ ಮತ್ತು ಡಿಸೆಂಬರಿನಲ್ಲೇ ಮುಗಿಯುವ ಆತಂಕ. ಮುಂಗಡ ಗುತ್ತಿಗೆಯೆಲ್ಲ ಮೋಸವಲ್ಲ. ತೋಪಿನವನಿಗೆ ಎಷ್ಟು ಜರೂರು, ಧಾರಣೆ ಅವನಿಗೆ ಎಷ್ಟು ಗೊತ್ತು ಎಂಬುದರ ಮೇಲೆ ಅದರ ನ್ಯಾಯ ನಿಂತಿದೆ.

ಚರಿತ್ರೆಯನ್ನು ಸ್ವಲ್ಪ ನೋಡಿದರೆ, ಕಾಲೇಜುಗಳಿಗೇ ಈ ಪದ್ಧತಿಯ ಬಗ್ಗೆ ಮನಸ್ಸಿನೊಳಗೆ ಅಳುಕಿದ್ದುದು ಕಾಣುತ್ತದೆ. 1950ರ ದಶಕದಲ್ಲಿ ನ್ಯೂ ಇಂಗ್ಲೆಂಡಿನ ಸಣ್ಣ ಕಾಲೇಜುಗಳು, ಹಾರ್ವರ್ಡ್ ಯೇಲ್‌ಗಳ ಎದುರು ಒಳ್ಳೆಯ ವಿದ್ಯಾರ್ಥಿಗಳನ್ನು ಉಳಿಸಿಕೊಳ್ಳಲು ಇಂಥ ಏರ್ಪಾಡು ಮಾಡಿಕೊಂಡವು. ಐವತ್ತು ವರ್ಷ ಕಳೆಯುವಷ್ಟರಲ್ಲಿ ಅದು ಎಲ್ಲರ ಹಾದಿಯಾಗಿತ್ತು. 2001ರ ಸೆಪ್ಟೆಂಬರಿನಲ್ಲಿ ಜೇಮ್ಸ್ ಫ್ಯಾಲೋಸ್ ‘ದಿ ಅಟ್ಲಾಂಟಿಕ್’ ಪತ್ರಿಕೆಯಲ್ಲಿ ಈ ಪದ್ಧತಿಯನ್ನು ಕಟುವಾಗಿ ಟೀಕಿಸಿ ದೀರ್ಘ ಲೇಖನ ಬರೆದರು. ಅದೇ ವರ್ಷದ ಕೊನೆಗೆ ಯೇಲ್ ಅಧ್ಯಕ್ಷ ರಿಚರ್ಡ್ ಲೆವಿನ್ ಇದು ಹೋಗುವುದೇ ಲೇಸು ಎಂಬರ್ಥದಲ್ಲಿ ಮಾತನಾಡಿದರು. ಮರುವರ್ಷ ಯೇಲ್ ಮತ್ತು ಸ್ಟ್ಯಾನ್‌ಫರ್ಡ್ ಕಟ್ಟುಪಾಡನ್ನು ಬಿಡುವುದಾಗಿ ಪ್ರಕಟಿಸಿದವು. 2006ರಲ್ಲಿ ಹಾರ್ವರ್ಡ್ ಇನ್ನೂ ಮುಂದೆ ಹೋಯಿತು. ಡೆರೆಕ್ ಬಾಕ್ ಹಂಗಾಮಿ ಅಧ್ಯಕ್ಷರಾಗಿದ್ದಾಗ ಬೇಗದ ಸುತ್ತನ್ನೇ ರದ್ದು ಮಾಡುವುದಾಗಿ ಘೋಷಿಸಿತು. ಅನುಕೂಲಸ್ಥರ ಮಕ್ಕಳಿಗೇ ಇದು ಮತ್ತಷ್ಟು ಅನುಕೂಲ ಮಾಡಿಕೊಡುತ್ತದೆ ಎಂಬುದು ಕಾರಣವಾಗಿತ್ತು. ಪ್ರಿನ್ಸ್‌ಟನ್ ಕೆಲವೇ ದಿನಗಳಲ್ಲಿ ಹಿಂಬಾಲಿಸಿತು, ವರ್ಜೀನಿಯಾ ವಿಶ್ವವಿದ್ಯಾಲಯವೂ ಜೊತೆಗೂಡಿತು. ಉಳಿದವರು ಬರಲಿಲ್ಲ. ಒಳ್ಳೆಯ ವಿದ್ಯಾರ್ಥಿಗಳು ಬೇರೆ ಕಡೆ ಬೇಗ ಸೇರಿಕೊಳ್ಳುತ್ತಿದ್ದುದನ್ನು ಕಂಡು 2011ರಲ್ಲಿ ಹಾರ್ವರ್ಡ್, ಪ್ರಿನ್ಸ್‌ಟನ್ ಎರಡೂ ಬೇಗದ ಸುತ್ತಿಗೆ ಮರಳಿದವು. ಒಳ್ಳೆಯ ಉದ್ದೇಶವಿದ್ದೂ ಒಂಟಿಯಾಗಿ ನಿಲ್ಲಲಾಗಲಿಲ್ಲ ಎಂಬುದು ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಬೇಸರದ ಭಾಗ.

2019ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಇನ್ನೊಂದು ತಿರುವು ಕೊಟ್ಟಿತು. ಕಾಲೇಜು ಪ್ರವೇಶಾಧಿಕಾರಿಗಳ ಸಂಘದ ನಿಯಮಾವಳಿ ಸ್ಪರ್ಧೆಗೆ ಅಡ್ಡಿ ಮಾಡುತ್ತದೆಂದು ಆಕ್ಷೇಪಿಸಿತು. ಅರ್ಲಿ ಡಿಸಿಷನ್‌ನವರಿಗೆ ಮಾತ್ರ ವಿಶೇಷ ಆಮಿಷ ಒಡ್ಡಬಾರದು ಎಂಬ ನಿಯಮವೂ ಅದರಿಂದಾಗಿ ಹೋಯಿತು. 2023ರಲ್ಲಿ ವರ್ಜೀನಿಯಾ ಟೆಕ್ ಸ್ವತಃ ಅರ್ಲಿ ಡಿಸಿಷನ್ ನಿಲ್ಲಿಸಿತು. 2025ರ ಆಗಸ್ಟಿನಲ್ಲಿ 32 ಕಾಲೇಜುಗಳ ವಿರುದ್ಧ ಮ್ಯಾಸಚೂಸೆಟ್ಸ್‌ನ ಫೆಡರಲ್ ಕೋರ್ಟಿನಲ್ಲಿ ಮೊಕದ್ದಮೆ ದಾಖಲಾಯಿತು. ಒಬ್ಬರ ವಿದ್ಯಾರ್ಥಿಗೆ ಇನ್ನೊಬ್ಬರು ಕೈ ಹಾಕುವುದಿಲ್ಲ ಎಂಬ ಹೊಂದಾಣಿಕೆಯಿಂದ ಶುಲ್ಕದ ಪೈಪೋಟಿಯೇ ಇಲ್ಲವಾಗಿದೆ ಎಂಬುದು ದೂರು.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ಬೇಗ ಹಾಕಿದರೆ ಸಿಗುವ ಸಾಧ್ಯತೆ ನಿಜಕ್ಕೂ ಹೆಚ್ಚುತ್ತದೆಯೇ? ಹೆಚ್ಚುತ್ತದೆ. ಆದರೆ ಕಣ್ಣಿಗೆ ಕಾಣುವಷ್ಟಲ್ಲ. 2024ರಲ್ಲಿ ಡ್ಯೂಕ್‌ಗೆ ಸೇರಬೇಕಿದ್ದ ತಂಡದಲ್ಲಿ ಬೇಗದ ಸುತ್ತಿನವರಲ್ಲಿ ನೂರಕ್ಕೆ 12.9 ಮಂದಿಗೆ, ಸಾಮಾನ್ಯ ಸುತ್ತಿನಲ್ಲಿ ನೂರಕ್ಕೆ 4.1 ಮಂದಿಗೆ ಸೀಟು ಸಿಕ್ಕಿತು. ಮರುವರ್ಷದ ತಂಡಕ್ಕೆ ಬ್ರೌನ್‌ಗೆ ಬಂದ 5,048 ಬೇಗದ ಅರ್ಜಿಗಳಲ್ಲಿ 906 ಮಂದಿಗೆ ಸಿಕ್ಕಿತು, ಅಂದರೆ ನೂರಕ್ಕೆ ಸುಮಾರು 18. ಇವನ್ನು ನೋಡಿ ಅವಕಾಶ ಮೂರು ಪಟ್ಟಾಯಿತು ಎಂದು ಸಂಭ್ರಮಿಸುವ ಮುನ್ನ ಆ ಗುಂಪಿನಲ್ಲಿ ಯಾರಿದ್ದಾರೆಂದು ನೋಡಬೇಕು. ಕೋಚ್‌ಗಳು ಮೊದಲೇ ಆರಿಸಿಟ್ಟ ಕ್ರೀಡಾಪಟುಗಳು ಈ ಸುತ್ತಿನಲ್ಲೇ ಬರುತ್ತಾರೆ. ಅದೇ ಕಾಲೇಜಿನಲ್ಲಿ ಓದಿದವರ ಮಕ್ಕಳು, ಅಧ್ಯಾಪಕರ ಮಕ್ಕಳು ಕೂಡ. ಅವರನ್ನು ಬದಿಗಿಟ್ಟರೆ ಸನ್ನಿವೇಲ್‌ನಲ್ಲೋ ಎಡಿಸನ್‌ನಲ್ಲೋ ಇರುವ ಸಾಫ್ಟ್‌ವೇರ್ ಎಂಜಿನಿಯರರ ಮಗಳಿಗೆ ಉಳಿಯುವ ಲಾಭ ಆ ಅಂಕಿ ತೋರುವುದಕ್ಕಿಂತ ಬಹಳ ಕಡಿಮೆ.

ಹಾಗೆಂದು ಅದು ಸೊನ್ನೆಯೂ ಅಲ್ಲ. ಕ್ರಿಸ್ಟೊಫರ್ ಏವರಿ, ಆ್ಯಂಡ್ರ್ಯೂ ಫೇರ್‌ಬ್ಯಾಂಕ್ಸ್, ರಿಚರ್ಡ್ ಝೆಕ್‌ಹೌಸರ್ 2003ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಒಂದೇ ಮಟ್ಟದ ವಿದ್ಯಾರ್ಥಿಗಳನ್ನು ಹೋಲಿಸಿ ನೋಡಿ, ಬೇಗದ ಅರ್ಜಿಯ ಲಾಭ ಸ್ಯಾಟ್ ಪರೀಕ್ಷೆಯಲ್ಲಿ ಸುಮಾರು 100 ಅಂಕ ಹೆಚ್ಚು ಬಂದುದಕ್ಕೆ ಸಮ ಎಂದು ಲೆಕ್ಕ ಕಟ್ಟಿದರು. ಆ ಮೇಲಿನ ಇಪ್ಪತ್ತು ವರ್ಷಗಳಲ್ಲಿ ಅರ್ಜಿಗಳ ಪ್ರವಾಹವೇ ಬೇರೆಯಾಗಿದೆ. ಕಾಮನ್ ಆ್ಯಪ್ ಎಂಬ ಒಂದೇ ಜಾಲದ ಮೂಲಕ 20 ಕಾಲೇಜುಗಳವರೆಗೆ ಅರ್ಜಿ ಹಾಕಬಹುದು. ಎಲ್ಲರೂ ಎಲ್ಲ ಕಡೆ ಹಾಕುತ್ತಿರುವಾಗ ‘ನಿಮ್ಮಲ್ಲಿಗೇ ಬರುತ್ತೇನೆ’ ಎಂಬ ಮಾತಿಗೆ ತೂಕ ಬರುವುದು ಸಹಜ. ನನಗೆ ತಿಳಿದಂತೆ ಈ ತೂಕ ನೆರವಿಗೆ ಬರುವುದು ಅಂಚಿನಲ್ಲಿರುವ ಮಗುವಿಗೆ. ಆ ಕಾಲೇಜಿನ ಮಟ್ಟಕ್ಕೆ ಎಲ್ಲ ರೀತಿಯಲ್ಲೂ ಸಲ್ಲುವ, ಆದರೆ ಅಂಥವರೇ ಸಾವಿರಾರು ಮಂದಿಯಿರುವ ಸಾಲಿನಲ್ಲಿ ನಿಂತಿರುವ ಮಗುವಿಗೆ. ಮಟ್ಟ ಮುಟ್ಟದ ಅರ್ಜಿಯನ್ನು ನವೆಂಬರ್ ತಿಂಗಳು ಮೇಲೆತ್ತುವುದಿಲ್ಲ. ಜನವರಿಗೆ ಇನ್ನೊಂದು ಪರೀಕ್ಷೆಯ ಅಂಕ, ಮೊದಲ ಸೆಮಿಸ್ಟರಿನ ಉತ್ತಮ ಗ್ರೇಡು, ಇನ್ನಷ್ಟು ಹದಗೊಂಡ ಎಸ್ಸೆ ಸಿದ್ಧವಾಗುವಂತಿದ್ದರೆ ಅಂಥ ಮಗುವಿಗೆ ಆ ಎರಡು ತಿಂಗಳು ಚಿನ್ನದಂಥವು.

ನಿಜವಾದ ಕಷ್ಟ ಇರುವುದು ದುಡ್ಡಿನಲ್ಲಿ. ಅಮೆರಿಕದ ಹೆಸರಾಂತ ಖಾಸಗಿ ಕಾಲೇಜುಗಳಲ್ಲಿ ಊಟ ವಸತಿ ಸೇರಿ ವರ್ಷದ ಖರ್ಚು 90,000 ಡಾಲರ್ ದಾಟಿದೆ. ನಮ್ಮ ಲೆಕ್ಕದಲ್ಲಿ ವರ್ಷಕ್ಕೆ 75 ಲಕ್ಷ ರೂಪಾಯಿಗೂ ಮೇಲೆ, ನಾಲ್ಕು ವರ್ಷಕ್ಕೆ ಮೂರು ಕೋಟಿ. ಆದರೆ ಎಲ್ಲರೂ ಅಷ್ಟು ಕಟ್ಟುವುದಿಲ್ಲ. ಮನೆಯ ಆದಾಯ, ಆಸ್ತಿ ನೋಡಿ ಕಾಲೇಜು ತನ್ನದೇ ಸೂತ್ರದಿಂದ ನೆರವು ಕೊಡುತ್ತದೆ, ಕೆಲವು ಕಡೆ ಪ್ರತಿಭೆಗೆಂದು ರಿಯಾಯಿತಿ ಇರುತ್ತದೆ. ಹೀಗಾಗಿ ಒಂದೇ ಮಗುವಿಗೆ ಒಂದು ಕಾಲೇಜು 80,000, ಇನ್ನೊಂದು 45,000 ಹೇಳಬಹುದು. ಏಪ್ರಿಲ್‌ನಲ್ಲಿ ನಾಲ್ಕಾರು ಪತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತವರಿಗೆ ಈ ವ್ಯತ್ಯಾಸ ಕಾಣುತ್ತದೆ. ‘ಅವರು ಇಷ್ಟು ಕೊಡುತ್ತಿದ್ದಾರೆ, ನೀವು?’ ಎಂದು ಕೇಳುವ ಅವಕಾಶವಿರುತ್ತದೆ. ಅರ್ಲಿ ಡಿಸಿಷನ್‌ನವರ ಮೇಜಿನ ಮೇಲೆ ಇರುವುದು ಒಂದೇ ಪತ್ರ.

ನೆರವು ಸಾಲದಿದ್ದರೆ ಬಿಟ್ಟುಬರಬಹುದಲ್ಲ ಎನ್ನುತ್ತಾರೆ. ಹೌದು, ನಿಯಮದಲ್ಲಿ ಆ ಬಾಗಿಲಿದೆ. ಇದು ಕೋರ್ಟಿಗೆ ಎಳೆದು ಜಾರಿ ಮಾಡಿಸುವ ಕರಾರೂ ಅಲ್ಲ. ಆದರೆ ‘ಸಾಲದು’ ಎಂಬುದನ್ನು ನಿರ್ಧರಿಸುವವರು ಯಾರು? ಕಾಲೇಜಿನ ಸೂತ್ರ ನಿಮ್ಮ ಮನೆ ವರ್ಷಕ್ಕೆ 70,000 ಕೊಡಬಲ್ಲದು ಎಂದರೆ ಅವರ ಪ್ರಕಾರ ಕೊಟ್ಟ ನೆರವು ಸಾಲುತ್ತದೆ. ಊರಿನಲ್ಲಿರುವ ಅತ್ತೆ ಮಾವಂದಿರ ಔಷಧೋಪಚಾರ, ತಂಗಿಯ ಮದುವೆಗೆ ಮಾಡಿದ ಸಾಲ ಆ ಸೂತ್ರಕ್ಕೆ ಕಾಣುವುದಿಲ್ಲ. ಜೊತೆಗೆ ಮಾತಿಗೆ ತಪ್ಪಿದರೆ ಶಾಲೆಯ ಕೌನ್ಸೆಲರ್ ಸಹಿಯ ಮೇಲಿನ ನಂಬಿಕೆ ಹೋಗಿ ಮುಂದಿನ ವರ್ಷದ ಮಕ್ಕಳಿಗೆ ಪೆಟ್ಟು ಬೀಳುತ್ತದೆ ಎಂಬ ಅಂಜಿಕೆ ಬೇರೆ. ಡಿಸೆಂಬರಿನಲ್ಲಿ ಸಂತೋಷದಿಂದ ಕಣ್ಣೊರೆಸಿಕೊಂಡ ಮಗಳಿಗೆ ಜನವರಿಯಲ್ಲಿ ‘ಬೇಡಮ್ಮ, ಆಗುವುದಿಲ್ಲ’ ಎನ್ನುವ ಧೈರ್ಯ ಎಷ್ಟು ತಂದೆಯರಿಗಿದೆ?

ನಮ್ಮವರಿಗೆ ಇಲ್ಲಿ ಇನ್ನೊಂದು ಗಂಟಿದೆ, ಅದನ್ನು ಗಮನಿಸುವವರು ಕಡಿಮೆ. ಭಾರತೀಯರ ಗ್ರೀನ್ ಕಾರ್ಡ್ ಸಾಲು ದಶಕಗಳಷ್ಟು ಉದ್ದವಿದೆ. ನಾಲ್ಕನೇ ವಯಸ್ಸಿಗೆ ಅಲ್ಲಿಗೆ ಹೋಗಿ, ಅಲ್ಲಿಯೇ ಓದಿ ಬೆಳೆದ ಮಗು ಹದಿನೇಳಕ್ಕೂ, ತಂದೆ ಅಥವಾ ತಾಯಿಯ ಉದ್ಯೋಗ ವೀಸಾವನ್ನು ಅವಲಂಬಿಸಿದ ಎಚ್-4 ವೀಸಾದಲ್ಲೇ ಇರುತ್ತದೆ. ಅಂಥ ಮಗುವಿಗೆ ಸರ್ಕಾರದ ವಿದ್ಯಾರ್ಥಿ ನೆರವು ಸಿಗುವುದಿಲ್ಲ. ಹಲವು ಖಾಸಗಿ ಕಾಲೇಜುಗಳು ಅದನ್ನು ವಿದೇಶಿ ವಿದ್ಯಾರ್ಥಿಗಳ ಪಟ್ಟಿಯಲ್ಲೇ ಇಡುತ್ತವೆ. ಇಪ್ಪತ್ತೊಂದು ತುಂಬಿದರೆ ಎಚ್-4 ಕೂಡ ಹೋಗಿ ಬೇರೆ ವೀಸಾ ಹುಡುಕಬೇಕು, ಅದೂ ಪದವಿಯ ನಡುವೆ. ವಿದೇಶಿ ವಿದ್ಯಾರ್ಥಿ ಎಂದು ಎಣಿಸಿದಾಗ ನೆರವು ಕೇಳುವುದೇ ಆಯ್ಕೆಗೆ ಅಡ್ಡಿಯಾಗುವ ಕಾಲೇಜುಗಳೇ ಹೆಚ್ಚು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆ್ಯಮ್ಹರ್ಸ್ಟ್, ಡಾರ್ಟ್‌ಮತ್, ಬೋಡಿನ್, ಬ್ರೌನ್‌ನಂಥ ಬೆರಳೆಣಿಕೆಯವು ಮಾತ್ರ ವಿದೇಶಿಯರನ್ನೂ ದುಡ್ಡು ನೋಡದೆ ಆರಿಸುತ್ತೇವೆ ಎನ್ನುತ್ತವೆ. ಎಚ್-4 ಮಕ್ಕಳ ತಂದೆತಾಯಿಯರು ಅರ್ಲಿ ಡಿಸಿಷನ್‌ಗೆ ಸಹಿ ಮಾಡುವ ಮುನ್ನ ಪ್ರವೇಶ ಕಚೇರಿಗೆ ಇ-ಮೇಲ್ ಬರೆದು, ನಮ್ಮ ಮಗುವನ್ನು ಯಾವ ಪಟ್ಟಿಯಲ್ಲಿ ಇಡುತ್ತೀರಿ ಎಂದು ಕೇಳಿ ಲಿಖಿತ ಉತ್ತರ ಪಡೆಯಲೇಬೇಕು. ಇವರಿಗೆ ಎಷ್ಟೋ ವೇಳೆ ತಾವಿರುವ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯವೇ ಆಸರೆ. ಹಲವು ರಾಜ್ಯಗಳಲ್ಲಿ ಎಚ್-4 ಮಕ್ಕಳಿಗೂ ಸ್ಥಳೀಯರ ಶುಲ್ಕವೇ ಅನ್ವಯಿಸುತ್ತದೆ.

ಬೆಂಗಳೂರಿನಿಂದ ಹಾಕುವ ಮಕ್ಕಳ ಪಾಡು ಇದಕ್ಕಿಂತ ಬಿಗಿ. ದ್ವಿತೀಯ ಪಿಯು ಪರೀಕ್ಷೆ ಇನ್ನೂ ನಾಲ್ಕೈದು ತಿಂಗಳು ದೂರವಿರುವಾಗ ಎಸ್ಸೆಸ್ಸೆಲ್ಸಿ, ಪ್ರಥಮ ಪಿಯು ಅಂಕಪಟ್ಟಿ ಮತ್ತು ಮಧ್ಯವಾರ್ಷಿಕದ ಮೇಲೆ ಅರ್ಜಿ ನಿಲ್ಲಬೇಕು. ಎಷ್ಟೋ ಪಿಯು ಕಾಲೇಜುಗಳಲ್ಲಿ ಕೌನ್ಸೆಲರ್ ಎಂಬ ಹುದ್ದೆಯೇ ಇರುವುದಿಲ್ಲ, ಪ್ರಾಂಶುಪಾಲರೋ ಉಪನ್ಯಾಸಕರೊಬ್ಬರೋ ಆ ಸಹಿ ಹಾಕಬೇಕು. ತಾವು ಯಾವುದಕ್ಕೆ ಸಹಿ ಮಾಡುತ್ತಿದ್ದೇವೆ ಎಂಬುದು ಅವರಿಗೆ ಗೊತ್ತಿರಬೇಕಾದದ್ದು ಮುಖ್ಯ. ವೀಸಾ ಸಂಗತಿಯೂ ಇದೆ. 2025ರ ಮೇ ಕೊನೆಯಲ್ಲಿ ವಿದ್ಯಾರ್ಥಿ ವೀಸಾದ ಹೊಸ ಸಂದರ್ಶನಗಳನ್ನೇ ಕೆಲ ವಾರ ತಡೆಹಿಡಿಯಲಾಗಿತ್ತು. ಹೀಗಿರುವಾಗ ಡಿಸೆಂಬರಿನಲ್ಲೇ ಒಂದೇ ಕಾಲೇಜಿಗೆ ಕಟ್ಟುಬೀಳುವವರು ಸಿಇಟಿ, ಜೆಇಇ, ಕಾಮೆಡ್‌-ಕೆ ತಯಾರಿಯನ್ನು ಕೈಬಿಡುವುದು ದೊಡ್ಡ ತಪ್ಪು.

ಇಷ್ಟೆಲ್ಲ ಹೇಳಿದ ಮೇಲೂ ಬೇಗ ಹಾಕಿ ಎನ್ನುವುದೇಕೆ? ಕಟ್ಟುಪಾಡಿಲ್ಲದ ದಾರಿ ಅಷ್ಟು ವಿಶಾಲವಾಗಿರುವುದರಿಂದ. ಇಲಿನಾಯ್, ಪರ್ಡ್ಯೂ, ಜಾರ್ಜಿಯಾ ಟೆಕ್, ಮೇರಿಲ್ಯಾಂಡ್, ರಟ್ಗರ್ಸ್, ಮಿಷಿಗನ್‌ನಂಥ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಅರ್ಲಿ ಆ್ಯಕ್ಷನ್ ಇದೆ. ಮೇರಿಲ್ಯಾಂಡ್‌ನಲ್ಲಿ ಸೀಟು ಪಡೆಯುವವರಲ್ಲಿ ಬಹುಪಾಲು ಈ ಸುತ್ತಿನವರೇ. ಟೆಕ್ಸಾಸ್ ವಿಶ್ವವಿದ್ಯಾಲಯವೂ 2024ರಲ್ಲಿ ಇದನ್ನು ಆರಂಭಿಸಿತು, ಗಡುವು ಅಕ್ಟೋಬರ್ 15. ಕಂಪ್ಯೂಟರ್ ಸೈನ್ಸ್ ಬೇಕೆನ್ನುವ ನಮ್ಮ ಮಕ್ಕಳಿಗೆ ಇಂಥ ಕಡೆಗಳಲ್ಲಿ ನವೆಂಬರ್ 1 ಹೆಸರಿಗಷ್ಟೇ ಬೇಗದ್ದು, ನಿಜದಲ್ಲಿ ಅದೇ ಗಡುವು. ಇಲ್ಲಿ ತಡಮಾಡುವುದರಲ್ಲಿ ಯಾವ ಜಾಣತನವೂ ಇಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಬೇಗದ ಸುತ್ತೇ ಇಲ್ಲ. ನವೆಂಬರ್ ಕೊನೆಯ ಒಂದೇ ಗಡುವು ಎಲ್ಲರಿಗೂ. ಬರ್ಕ್‌ಲಿಯಲ್ಲಿ ಸಿಕ್ಕಬಹುದಾದ ಮಗು ಅರ್ಲಿ ಡಿಸಿಷನ್‌ನಲ್ಲಿ ಬೇರೆಡೆ ಸಿಕ್ಕಿಬಿಟ್ಟರೆ ಬರ್ಕ್‌ಲಿಯ ಉತ್ತರವನ್ನು ಅದು ಎಂದೂ ಕಾಣುವುದಿಲ್ಲ. ಅಲ್ಲಿ ಸ್ಥಳೀಯರ ಶುಲ್ಕ ಕಟ್ಟುವ ಮನೆಯವರು ಇದನ್ನು ಎರಡು ಸಲ ಯೋಚಿಸಬೇಕು.

ಮಕ್ಕಳ ಮನಸ್ಸಿನ ಬಗ್ಗೆಯೂ ಒಂದು ಮಾತು. ಡಿಸೆಂಬರಿನ ಉತ್ತರ ಹೌದು, ಇಲ್ಲ ಎಂದಷ್ಟೇ ಇರುವುದಿಲ್ಲ, ‘ಡಿಫರ್’ ಎಂದೂ ಬರುತ್ತದೆ. ಅಂದರೆ ಅರ್ಜಿಯನ್ನು ಸಾಮಾನ್ಯ ಸುತ್ತಿನಲ್ಲಿ ಮತ್ತೆ ನೋಡುತ್ತಾರೆ. ಹಾಗಾದಾಗ ಕಟ್ಟುಪಾಡು ಕಳಚುತ್ತದೆ, ಆದರೆ ಮಗು ಕುಗ್ಗುತ್ತದೆ. ಉಳಿದ ಅರ್ಜಿಗಳ ಎಸ್ಸೆಗಳನ್ನು ಡಿಸೆಂಬರ್ 15ರ ನಂತರ ಬರೆದರಾಯಿತು ಎಂದು ಇಟ್ಟುಕೊಂಡವರು ಆ ಕುಗ್ಗಿದ ಮನಸ್ಸಿನಲ್ಲೇ, ಹದಿನೈದು ದಿನದಲ್ಲಿ, ಹತ್ತು ಕಾಲೇಜುಗಳಿಗೆ ಬರೆಯಬೇಕಾಗುತ್ತದೆ. ಆ ಎಸ್ಸೆಗಳಲ್ಲಿ ಜೀವವಿರುವುದಿಲ್ಲ. ಬೇಗ ಹಾಕುವವರು ಉಳಿದೆಲ್ಲವನ್ನೂ ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲೇ ಬರೆದು ಮುಗಿಸಿಟ್ಟುಕೊಳ್ಳುವುದು ಒಳ್ಳೆಯದು.

ಕಾಲೇಜಿನ ಹೆಸರಿಗೆ ನಾವು ಕೊಡುವ ಬೆಲೆಯನ್ನೂ ಸ್ವಲ್ಪ ತೂಗಿ ನೋಡಬೇಕು. ಸ್ಟೇಸಿ ಡೇಲ್ ಮತ್ತು ಅರ್ಥಶಾಸ್ತ್ರಜ್ಞ ಆ್ಯಲನ್ ಕ್ರೂಗರ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೊಡ್ಡ ಹೆಸರಿನ ಕಾಲೇಜಿನಲ್ಲಿ ಸೀಟು ಸಿಕ್ಕೂ ಅಷ್ಟು ಹೆಸರಿಲ್ಲದ ಕಡೆ ಓದಿದವರು ಸಂಪಾದನೆಯಲ್ಲಿ ಸರಾಸರಿ ಹಿಂದೆ ಬಿದ್ದಿರಲಿಲ್ಲ. ಬಡ ಕುಟುಂಬಗಳಿಂದ ಬಂದವರಿಗೆ ಮಾತ್ರ ಹೆಸರಿನ ಕಾಲೇಜಿನಿಂದ ಸ್ಪಷ್ಟ ಲಾಭವಾಗಿತ್ತು. ನವೆಂಬರ್ 1ರ ಒತ್ತಡ ಮನೆಯ ಶಾಂತಿಯನ್ನೇ ಕದಡುತ್ತಿರುವಾಗ ಇದನ್ನು ನೆನಪಿಗೆ ತಂದುಕೊಳ್ಳುವುದು ಒಳ್ಳೆಯದು.

ಕಟ್ಟುಪಾಡಿಗೆ ಸಹಿ ಮಾಡಬಹುದಾದವರು ಯಾರು ಎಂದು ಕೇಳಿದರೆ ನನ್ನ ಉತ್ತರ ಇದು. ಉಳಿದೆಲ್ಲ ಕಾಲೇಜುಗಳೂ ‘ಬಾ’ ಎಂದರೂ ಇಲ್ಲಿಗೇ ಹೋಗುತ್ತೇನೆ ಎಂದು ಆಗಸ್ಟ್‌ನಲ್ಲೂ ಅಕ್ಟೋಬರಿನಲ್ಲೂ ಒಂದೇ ದನಿಯಲ್ಲಿ ಹೇಳಿದ, ಸಾಧ್ಯವಾದರೆ ಆ ಕ್ಯಾಂಪಸ್ಸನ್ನು ನೋಡಿ ಬಂದ ಮಗು. ಜೊತೆಗೆ, ನೆರವು ಒಂದು ಡಾಲರ್ ಸಿಗದಿದ್ದರೂ ಸಾಲವಿಲ್ಲದೆ ಕಟ್ಟಬಲ್ಲ ಮನೆ. ಅಥವಾ ಆದಾಯ ಸ್ಪಷ್ಟವಾಗಿ ಕಡಿಮೆಯಿದ್ದು, ಪೂರ್ತಿ ಅಗತ್ಯವನ್ನು ತುಂಬಿಕೊಡುವುದಾಗಿ ಘೋಷಿಸಿರುವ ಕಾಲೇಜಿಗೆ ಹಾಕುತ್ತಿರುವ ಮನೆ. ಅಂಥ ಅಮೆರಿಕನ್ ಮಕ್ಕಳಿಗೆ ಕ್ವೆಸ್ಟ್‌ಬ್ರಿಜ್ ಎಂಬ ಸಂಸ್ಥೆಯ ದಾರಿಯೂ ಇದೆ. ಇವೆರಡರ ನಡುವೆ ಇರುವವರು, ಅಂದರೆ ನೆರವಿಗೆ ಹೆಚ್ಚಾಗಿ, ಶುಲ್ಕಕ್ಕೆ ಕಡಿಮೆಯಾಗುವಷ್ಟು ಸಂಬಳವಿರುವವರು, ಸಹಿ ಮಾಡಬಾರದು. ಅಮೆರಿಕದ ಕನ್ನಡಿಗರಲ್ಲಿ ಬಹಳಷ್ಟು ಮನೆಗಳು ಈ ನಡುವಿನಲ್ಲೇ ಇವೆ ಎಂಬುದು ನನ್ನ ಎಣಿಕೆ.

2011ರಿಂದ ಅಮೆರಿಕದ ಪ್ರತಿ ಕಾಲೇಜೂ ತನ್ನ ವೆಬ್‌ಸೈಟಿನಲ್ಲಿ ‘ನೆಟ್ ಪ್ರೈಸ್ ಕ್ಯಾಲ್ಕುಲೇಟರ್’ ಇಡಲೇಬೇಕೆಂಬ ಕಾನೂನಿದೆ. ಸಂಬಳ, ಉಳಿತಾಯ, ಮನೆಯ ಸಾಲ ತುಂಬಿದರೆ ನೀವು ಕಟ್ಟಬೇಕಾಗಬಹುದಾದ ಅಂದಾಜು ಮೊತ್ತ ಅರ್ಧ ಗಂಟೆಯಲ್ಲಿ ಸಿಗುತ್ತದೆ. ತಂದೆತಾಯಿಯರೇ, ಅಕ್ಟೋಬರ್ ಮೊದಲ ವಾರದ ಒಂದು ಸಂಜೆ ಮಗುವನ್ನು ಪಕ್ಕದಲ್ಲೇ ಕೂರಿಸಿಕೊಂಡು ಅದನ್ನು ತುಂಬಿ. ನಮ್ಮಿಂದ ವರ್ಷಕ್ಕೆ ಇಷ್ಟು ಸಾಧ್ಯ, ಇದಕ್ಕಿಂತ ಹೆಚ್ಚು ಸಾಧ್ಯವಿಲ್ಲ ಎಂದು ಮೊತ್ತವನ್ನು ಮುಚ್ಚಿಡದೆ ಹೇಳಿ. ಸಹಿಯ ಮಾತು ಆಮೇಲೆ ಆಡಿ.